ಸಂಜೆ ಆರು ಗಂಟೆಯ ಚೀಲ

ಹಾಸ್ಟೆಲ್ಲಿನ ಹಿಂದಿನ ಕಿಟಕಿಯಲ್ಲಿ ನಿಂತರೆ ಮೈದಾನ ಕಾಣುತ್ತೆ. ಸಂಜೆ ಆರರ ಹೊತ್ತಿಗೆ ಅಲ್ಲಿ ಒಬ್ಬ ಕನ್ನಡಕದ ಮನುಷ್ಯ ಹೆಗಲ ಮೇಲೆ ಗೋಣಿಚೀಲ ಹೊತ್ತು ಒಂದು ಲೈಟ್ ಕಂಬದಿಂದ ಇನ್ನೊಂದು ಕಂಬಕ್ಕೆ ನಡೆಯೋದನ್ನ ನೀವು ನೋಡಿರ್ತೀರಿ. ಅದು ನಾನೇ. ನೀವು ನನಗೆ 'ಚೀಲದ ಸಾರ್' ಅಂತ ಹೆಸರಿಟ್ಟಿರೋದೂ ಗೊತ್ತು. ಬೇಜಾರೇನಿಲ್ಲ, ಇದಕ್ಕಿಂತ ಕೆಟ್ಟ ಹೆಸರುಗಳನ್ನ ನಾವು ನಮ್ಮ ಮೇಷ್ಟ್ರುಗಳಿಗೆ ಇಟ್ಟಿದ್ವಿ.

ಕನ್ನಡ ಸಂಘದ ಹುಡುಗರು ಮೊನ್ನೆ ಲ್ಯಾಬಿಗೆ ಬಂದು, 'ಸಾರ್, ಆ ಚೀಲದಲ್ಲಿ ಏನಿದೆ? ಅದರ ಬಗ್ಗೆ ಬರೆದುಕೊಡಿ' ಅಂದರು. ಅದರಲ್ಲಿ ಇರೋದು ಮರಳು. ಅಷ್ಟೇ ಬರೆದರೆ ಒಂದು ಸಾಲಿಗೆ ಮುಗೀತಿತ್ತು. ಆದರೆ ಆ ಮರಳು ಅಲ್ಲಿಗೆ ಹೇಗೆ ಬಂತು ಅನ್ನೋದು ಸ್ವಲ್ಪ ಉದ್ದದ ಕಥೆ.

ನನಗೀಗ 48. ಮೆಕ್ಯಾನಿಕಲ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ 22 ವರ್ಷ ಆಯ್ತು. ಯುಟಿಎಂ ಮಶೀನಿಗೆ ಕಬ್ಬಿಣದ ಸರಳು ಕಚ್ಚಿಸಿ, ಎಳೆದು, 'ಟಪ್' ಅಂತ ಮುರಿಸಿ, ನಿಮ್ಮ ರೆಕಾರ್ಡ್ ಬುಕ್ಕಿಗೆ ಸಹಿ ಹಾಕೋದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸರಳು ಮುರಿಸಿದೆನೋ ಲೆಕ್ಕ ಇಟ್ಟಿಲ್ಲ. ನನ್ನ ಮೈಯನ್ನ ಮಾತ್ರ ಒಂದು ಸಲಾನೂ ಟೆಸ್ಟ್ ಮಾಡಿ ನೋಡಿರಲಿಲ್ಲ.

ಆ ಟೆಸ್ಟ್ ಆಗಿದ್ದು ಮೂರು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಮೊಳಕಾಲ್ಮೂರಿನಲ್ಲಿ. ಆ ವರ್ಷದ ಹುಡುಗರು ಅಶೋಕನ ಶಾಸನ ನೋಡಬೇಕು ಅಂತ ಪ್ರವಾಸ ಹಾಕಿದ್ದರು. ನನ್ನ ಹೆಂಡತಿಯ ತವರು ಮೊಳಕಾಲ್ಮೂರು ಅಂತ ಗೊತ್ತಿದ್ದರಿಂದ, 'ಸಾರ್ ನೀವೇ ಬರಬೇಕು, ದಾರಿ ಗೊತ್ತಿರೋರು' ಅಂತ ನನ್ನನ್ನ ಎಳೆದುಕೊಂಡು ಹೋದರು. ಬೆಳಿಗ್ಗೆ ಬ್ರಹ್ಮಗಿರಿ ನೋಡಿದ್ವಿ. ಮಧ್ಯಾಹ್ನ ಬುತ್ತಿ ತಿಂದು ಜಟಿಂಗ ರಾಮೇಶ್ವರ ಬೆಟ್ಟ ಹತ್ತೋಕೆ ಶುರು ಮಾಡಿದ್ವಿ. ಸೀತೆಯನ್ನ ಬಿಡಿಸೋಕೆ ಹೋಗಿ ರಾವಣನ ಕೈಲಿ ರೆಕ್ಕೆ ಕತ್ತರಿಸಿಕೊಂಡ ಜಟಾಯು ಬಿದ್ದ ಜಾಗ ಇದೇ ಅಂತ ಅಲ್ಲಿನ ಜನ ಹೇಳ್ತಾರೆ. ಅವತ್ತು ಅಲ್ಲಿ ಎರಡನೇ ಸಲ ಒಬ್ಬ ಬಿದ್ದ.

ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಡೋಲು ಬಡಿದಂಗೆ ಬಡೀತಿತ್ತು. ಕಣ್ಣಿಗೆ ಕತ್ತಲೆ ಬಂತು. ಒಂದು ಬಂಡೆಯ ಮೇಲೆ ಕೂತುಬಿಟ್ಟೆ. ಮೂರನೇ ಸೆಮಿಸ್ಟರಿನ ಒಬ್ಬ ಹುಡುಗಿ ವಾಪಸ್ ಇಳಿದು ಬಂದು ನನ್ನ ಬ್ಯಾಗು ತಗೊಂಡಳು, ನೀರು ಕೊಟ್ಟಳು. ಆಮೇಲೆ ಬಹಳ ಪ್ರೀತಿಯಿಂದಲೇ ಹೇಳಿದಳು: 'ಸಾರ್, ನೀವು ಇಲ್ಲೇ ಕೂತಿರಿ. ಮೇಲಿಂದ ಫೋಟೋ ತಂದು ತೋರಿಸ್ತೀವಿ.'

ನಮ್ಮಜ್ಜಿಗೆ ನಾವು ಹಿಂಗೇ ಹೇಳ್ತಿದ್ವಿ. 'ನೀನು ಇಲ್ಲೇ ಕೂತಿರಜ್ಜಿ, ಪ್ರಸಾದ ತಂದುಕೊಡ್ತೀವಿ.' ಅಜ್ಜಿಗೆ ಆಗ ಎಂಬತ್ತು. ನನಗೆ ನಲವತ್ತೈದು.

ಅವತ್ತು ರಾತ್ರಿ ಹುಡುಗರು ಬಸ್ಸಿನಲ್ಲಿ ವಾಪಸ್ ಹೋದರು, ನಾನು ಮಾವನ ಮನೇಲಿ ಉಳಿದೆ. ನಮ್ಮ ಮಾವ ರೇಷ್ಮೆ ಸೀರೆ ನೇಯೋರು. ಮೊಳಕಾಲ್ಮೂರು ಸೀರೆ ಅಂದರೆ ನಿಮ್ಮ ಅಮ್ಮಂದಿರಿಗೆ ಗೊತ್ತಿರುತ್ತೆ, ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿರೋ ಸೀರೆ ಅದು. ಗುಂಡಿ ಮಗ್ಗದಲ್ಲಿ ನೇಯೋನು ನೆಲದ ಮಟ್ಟಕ್ಕೆ ಕೂತು, ಗುಂಡಿಯೊಳಗೆ ಕಾಲು ಇಳಿಬಿಟ್ಟು, ಕಾಲಿನಿಂದ ಹಲಗೆ ತುಳಿದು ಎಳೆ ಮೇಲೆ ಕೆಳಗೆ ಮಾಡ್ತಾ ಇರಬೇಕು. ಕೈ ಎಷ್ಟು ಮುಖ್ಯವೋ ಕಾಲೂ ಅಷ್ಟೇ. ಮಾವನಿಗೆ ಸಕ್ಕರೆ ಕಾಯಿಲೆ. ಕಾಲಲ್ಲಿ ಆದ ಸಣ್ಣ ಗಾಯ ಗೊತ್ತೇ ಆಗಲಿಲ್ಲ. ಗೊತ್ತಾಗೋ ಹೊತ್ತಿಗೆ ಎರಡು ಬೆರಳು ತೆಗೀಬೇಕಾಯ್ತು. ಆಮೇಲೆ ಅವರು ಮಗ್ಗಕ್ಕೆ ಇಳಿಯಲಿಲ್ಲ. ನಾನು ಉಳಿದ ರಾತ್ರಿ ಅವರು ಆ ಮಗ್ಗದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಬೆಟ್ಟದ ಕಥೆ ಹೇಳಿ ನಗಿಸೋಕೆ ನೋಡಿದೆ. ಅವರು ನಗಲಿಲ್ಲ. 'ರಕ್ತ ಪರೀಕ್ಷೆ ಮಾಡಿಸ್ರಿ ಅಳಿಯಂದ್ರೆ' ಅಂದರು, ಅಷ್ಟೇ.

ಮಾಡಿಸಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳೋ ಎಚ್‌ಬಿಎ1ಸಿ ಅಂತ ಒಂದು ಪರೀಕ್ಷೆ ಇದೆ. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ದಾಟಿದರೆ ಸಕ್ಕರೆ ಕಾಯಿಲೆ, ನಡುವೆ ಇದ್ದರೆ ಹೊಸ್ತಿಲ ಮೇಲೆ ನಿಂತಂಗೆ. ನನ್ನದು 6.3. ಸೊಂಟ 102 ಸೆಂ.ಮೀ. ನಮ್ಮ ಕಡೆ ಗಂಡಸರಿಗೆ 90ರ ಒಳಗೆ ಇರಬೇಕು ಅಂತಾರೆ. ತೂಕ 86 ಕೆ.ಜಿ. ಡಾಕ್ಟರು, 'ಇನ್ನೂ ಮಾತ್ರೆ ಬೇಡ, ಆರು ತಿಂಗಳು ಕೊಡ್ತೀನಿ, ಮೈ ಬಗ್ಗಿಸಿ' ಅಂದರು.

ಮೈ ಬಗ್ಗಿಸೋದು. ಈ ಮಾತು ಕೇಳಿದಾಗಲೆಲ್ಲ ನನಗೆ ನಮ್ಮಪ್ಪ ನೆನಪಾಗ್ತಾನೆ.

ನಮ್ಮಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಹಮಾಲಿ. ಈ ಊರನ್ನ ಎಣ್ಣೆ ನಗರ ಅಂತ ಕರೀತಾರಲ್ಲ, ಎಣ್ಣೆ ವ್ಯಾಪಾರದಲ್ಲಿ ಮುಂಬೈ ಬಿಟ್ಟರೆ ನಾವೇ ಅಂತ ಹಳಬರು ಈಗಲೂ ಹೆಮ್ಮೆ ಪಡ್ತಾರಲ್ಲ, ಆ ಎಣ್ಣೆಯ ಹಿಂದಿನ ಶೇಂಗಾ ಚೀಲ ಹೊತ್ತೋರಲ್ಲಿ ನಮ್ಮಪ್ಪನೂ ಒಬ್ಬ. ಲಾರಿಯಿಂದ ಗೋಡೌನಿಗೆ, ಗೋಡೌನಿನಿಂದ ಮಿಲ್ಲಿಗೆ, ಮಿಲ್ಲಿನಿಂದ ಹಿಂಡಿ ಚೀಲ ಮತ್ತೆ ಲಾರಿಗೆ. ಎಂಬತ್ತು ಕೆ.ಜಿ. ಚೀಲ ಬೆನ್ನಿಗೆ ಹಾಕಿಕೊಂಡು ಹಲಗೆ ಮೇಲೆ ಓಡೋನು. ನಾನು ಚಿಕ್ಕವನಿದ್ದಾಗ ಸಂಜೆ ಮಿಲ್ಲಿನ ಗೇಟಿನ ಹತ್ರ ಕಾಯ್ತಿದ್ದೆ. ಬನಿಯನ್ನು ಎಣ್ಣೆ ಮತ್ತೆ ಬೆವರಿನಲ್ಲಿ ನೆಂದು ಮೈಗೆ ಅಂಟಿರೋದು. ಬೆನ್ನು ಕಲ್ಲಿನ ಚಪ್ಪಡಿ ಥರ ಇರೋದು. 90ರ ದಶಕದಲ್ಲಿ ಹೊರದೇಶದ ಪಾಮ್ ಎಣ್ಣೆ ಬಂದಮೇಲೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಇದ್ದ ಮಿಲ್ಲುಗಳಲ್ಲಿ ಕೆಲಸ ಕಮ್ಮಿ ಆಯ್ತು. ಅಷ್ಟರಲ್ಲಿ ನಾನು ಡಿಪ್ಲೊಮಾ ಮುಗಿಸಿದ್ದೆ.

'ನಾನು ಚೀಲ ಹೊತ್ತಿದ್ದು ನೀನು ಹೊರಬಾರದು ಅಂತ' ಅನ್ನೋದು ನಮ್ಮ ಮನೇಲಿ ನೂರು ಸಲ ಕೇಳಿದ ಮಾತು. ಅದರಂತೆ ನಾನು ಹೊರಲಿಲ್ಲ. ಕುರ್ಚಿ ಸಿಕ್ತು, ಫ್ಯಾನು ಸಿಕ್ತು, ಬೈಕು ಬಂತು. ಮನೆಗೆ ಅಕ್ಕಿ ಚೀಲ ಬಂದರೆ ಅಂಗಡಿ ಹುಡುಗನೇ ಒಳಗೆ ತಂದಿಡ್ತಿದ್ದ. ಅಪ್ಪ ಅದನ್ನ ಜಗಲಿ ಮೇಲೆ ಕೂತು ನೋಡಿ ಖುಷಿ ಪಡೋನು. ನಾನು ಏನೂ ಹೊರದೇ ಇರೋದು ನಮ್ಮಪ್ಪನ ಗೆಲುವಾಗಿತ್ತು. ಅಂಥವನಿಗೆ ಈಗ ಹೋಗಿ, 'ಅಪ್ಪಾ, ಮೈಗೆ ಕೆಲಸ ಇಲ್ಲದೆ ಕಾಯಿಲೆ ಬರ್ತಿದೆ' ಅಂತ ಹೇಗೆ ಹೇಳೋದು? ಹೇಳಲಿಲ್ಲ.

ಮೊದಲು ಎಲ್ಲರಂತೆ ಬೆಳಗಿನ ವಾಕಿಂಗ್ ಹಿಡಿದೆ. ನಮ್ಮ ಬಡಾವಣೆಯ ಒಂದು ಗುಂಪು ಇತ್ತು. ಎರಡು ಕಿಲೋಮೀಟರ್ ನಡೆಯೋದು, ರಾಜಕೀಯ ಮಾತಾಡೋದು, ಕೊನೆಗೆ ಹೋಟೆಲ್ಲಿನಲ್ಲಿ ಮಂಡಕ್ಕಿ ಒಗ್ಗರಣೆ, ಜೊತೆಗೆ ಎರಡೆರಡು ಮೆಣಸಿನಕಾಯಿ ಬಜ್ಜಿ. ಒಂದು ತಿಂಗಳಿಗೆ ಒಂದು ಕೆ.ಜಿ. ಜಾಸ್ತಿ ಆದೆ. ಆಮೇಲೆ ಜಿಮ್ಮಿಗೆ ಹೋದೆ. ನಾಲ್ಕು ಕಡೆ ಕನ್ನಡಿ. ನನ್ನ ಹೊಟ್ಟೆ ನನಗೇ ನಾಲ್ಕು ಸಲ ಕಾಣೋದು. ಅಲ್ಲಿ ಇದ್ದೋರಲ್ಲಿ ಅರ್ಧ ಜನ ನನ್ನ ಲ್ಯಾಬಿನ ಹುಡುಗರು. ಎತ್ತೋಕೆ ಆಗದೆ ಇದ್ದಾಗ ಪಕ್ಕಕ್ಕೆ ಬಂದು, 'ಸಾರ್ ಹೆಲ್ಪ್ ಮಾಡ್ಲಾ' ಅನ್ನೋರು. ವಾರಕ್ಕೆ ಬಿಟ್ಟೆ.

ಹಾಗಾಗಿ ಉಳಿದಿದ್ದು ಸಂಜೆ, ಬಯಲು, ಒಬ್ಬನೇ.

ಚಳ್ಳಕೆರೆಯ ಸಂಜೆ ನಿಮಗೂ ಗೊತ್ತು. ರಾಜ್ಯದಲ್ಲೇ ಬಹಳ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ನಮ್ಮದೊಂದು. ಹಗಲಿಡೀ ಬಿಸಿಲು ಹೆಂಚು ಕಾಯಿಸಿದಂಗೆ ನೆಲ ಕಾಯಿಸುತ್ತೆ. ಐದೂವರೆ ದಾಟಿದ ಮೇಲೆ ಗಾಳಿ ಬೀಸೋಕೆ ಶುರು. ಬಯಲುಸೀಮೆಯಲ್ಲಿ ಗಾಳಿಗೆ ಅಡ್ಡ ನಿಲ್ಲೋಕೆ ಮರವೂ ಇಲ್ಲ, ಗುಡ್ಡವೂ ದೂರ. ಹೊಟ್ಟೆ ತುಂಬಿದ ಕುರಿ ಹಟ್ಟಿಗೆ ವಾಪಸ್ ಹೋಗೋ ಹೊತ್ತು. ಆ ಗಾಳಿಯೇ ನನಗೆ ಕರೆದಂಗಾಯ್ತು.

ಮೊದಲ ದಿನ ಹಳೇ ಪಿಟಿ ಶೂ ಹಾಕ್ಕೊಂಡು ಮೈದಾನದ ಸುತ್ತ ಒಂದು ಸುತ್ತು ಓಡೋಣ ಅಂತ ಹೊರಟೆ. ಅರ್ಧ ಸುತ್ತಿಗೆ ನಿಂತೆ. ಬೇಲಿ ಆಚೆ ಕಂಬಳಿ ಹೊದ್ದ ಒಬ್ಬ ಕುರಿ ಕಾಯೋ ಅಜ್ಜ ನನ್ನನ್ನೇ ನೋಡ್ತಿದ್ದ. 'ಯಾಕ್ ಸಾಮಿ, ಬಸ್ಸು ತಪ್ಪಿತಾ?' ಅಂದ. ನನಗೆ ಉತ್ತರ ಕೊಡೋಕೆ ಉಸಿರೇ ಇರಲಿಲ್ಲ. ನಮ್ಮೂರ ಕಡೆ ನಲವತ್ತು ದಾಟಿದ ಗಂಡಸು ಓಡಿದರೆ ಎರಡೇ ಕಾರಣ: ಬಸ್ಸು ತಪ್ಪಿರಬೇಕು, ಇಲ್ಲ ನಾಯಿ ಅಟ್ಟಿಸಿಕೊಂಡು ಬಂದಿರಬೇಕು.

ಮಾರನೇ ದಿನದಿಂದ ಲೈಟ್ ಕಂಬದ ಲೆಕ್ಕ ಹಿಡಿದೆ. ಒಂದು ಕಂಬದವರೆಗೆ ನಿಧಾನ ಓಟ, ಮುಂದಿನ ಎರಡು ಕಂಬ ನಡಿಗೆ. ಎಷ್ಟು ಜೋರಾಗಿ ಓಡಬೇಕು ಅನ್ನೋದಕ್ಕೆ ಒಂದು ಸುಲಭದ ಅಳತೆ ಇದೆ: ಓಡ್ತಾ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ನನ್ನ ಜೊತೆ ಮಾತಾಡೋಕೆ ಯಾರೂ ಇರಲಿಲ್ಲವಲ್ಲ, ಅದಕ್ಕೆ ಹದಿಮೂರರ ಮಗ್ಗಿ ಹೇಳಿಕೊಂಡು ಓಡ್ತಿದ್ದೆ. ಹದಿಮೂರು ಏಳಲಿ ತೊಂಬತ್ತೊಂದು ಅನ್ನೋ ಹೊತ್ತಿಗೆ ಉಸಿರು ಸಿಕ್ಕಿಕೊಂಡರೆ ನಡಿಗೆಗೆ ಇಳೀತಿದ್ದೆ. ಕೆಲವರು ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿರಬಹುದು.

ಎರಡನೇ ವಾರಕ್ಕೆ ಉತ್ಸಾಹ ತಲೆಗೇರಿತು. ಉಸಿರು ಸ್ವಲ್ಪ ಹಿಡಿತಕ್ಕೆ ಬಂದಿತ್ತು, ಒಂದೇ ಸಂಜೆ ನಾಲ್ಕು ಸುತ್ತು ಓಡಿಬಿಟ್ಟೆ. ಮಾರನೇ ದಿನ ಬಲ ಮೊಳಕಾಲು ಊದಿ ಬದನೆಕಾಯಿ ಆಗಿತ್ತು. ಮೂರು ವಾರ ಮನೇಲಿ ಕೂತೆ. ಹೆಂಡತಿ, 'ಹುಡುಗರ ಥರ ಆಡೋಕೆ ಹೋಗಬೇಡ್ರಿ ಅಂತ ಹೇಳಿರಲಿಲ್ವಾ' ಅಂತ ಹರಳೆಣ್ಣೆ ಬಿಸಿ ಮಾಡಿ ಕೊಟ್ಟಳು.

ಆ ಮೂರು ವಾರ ಕೂತು ಓದಿದ್ದು ಪೂರ್ತಿ ನಿಮ್ಮ ಸಿಲಬಸ್ಸೇ. ಮೈಯಲ್ಲಿ ಎಲ್ಲ ಭಾಗವೂ ಒಂದೇ ವೇಗದಲ್ಲಿ ಬಲ ಆಗೋದಿಲ್ಲ. ಉಸಿರು, ಹೃದಯ ಬೇಗ ಸುಧಾರಿಸ್ತವೆ. ಮಾಂಸಖಂಡ ಆಮೇಲೆ. ಮಾಂಸವನ್ನ ಮೂಳೆಗೆ ಕಟ್ಟಿರೋ ಸ್ನಾಯುರಜ್ಜು ಎಲ್ಲಕ್ಕಿಂತ ನಿಧಾನ. ಎಂಜಿನ್ ಹೊಸದು ಹಾಕಿ ಹಳೇ ಚೈನಿನಲ್ಲೇ ಗಾಡಿ ಓಡಿಸಿದಂಗೆ ಆಗಿತ್ತು ನನ್ನ ಕಥೆ. ಒಂದು ರಚನೆಯ ಬಲ ಅದರ ಅತೀ ದುರ್ಬಲ ಭಾಗದ ಬಲ ಅಂತ ನಿಮಗೆ ಹೇಳಿಕೊಡೋ ನನಗೇ ಅದು ಹೊಳೆದಿರಲಿಲ್ಲ.

ಇನ್ನೊಂದು ವಿಷಯ. ಆಗಸ್ಟ್ ವೋಲರ್ ಅನ್ನೋ ಜರ್ಮನ್ ಎಂಜಿನಿಯರ್ 1850-60ರ ದಶಕಗಳಲ್ಲಿ ರೈಲಿನ ಅಚ್ಚುಗಳು ಯಾಕೆ ಮುರೀತಾವೆ ಅಂತ ಹುಡುಕಿದ. ಒಂದೇ ಸಲಕ್ಕೆ ಮುರಿಯದಷ್ಟು ಸಣ್ಣ ಭಾರವೂ ಲಕ್ಷಾಂತರ ಸಲ ಬಿದ್ದರೆ ಕಬ್ಬಿಣ ಸೀಳುತ್ತೆ ಅಂತ ತೋರಿಸಿಕೊಟ್ಟ. ಅದೇ ನೀವು ಓದೋ ಎಸ್-ಎನ್ ಕರ್ವ್. ಅದೇ ದೇಶದ ಜೂಲಿಯಸ್ ವುಲ್ಫ್ ಅನ್ನೋ ಡಾಕ್ಟರು 1892ರಲ್ಲಿ ಮೂಳೆಯ ಬಗ್ಗೆ ಪುಸ್ತಕ ಬರೆದ. ಮೂಳೆ ತನ್ನ ಮೇಲೆ ಬೀಳೋ ಭಾರಕ್ಕೆ ತಕ್ಕಂತೆ ತನ್ನನ್ನೇ ಮತ್ತೆ ಕಟ್ಟಿಕೊಳ್ಳುತ್ತೆ ಅನ್ನೋದು ಅದರ ಸಾರ. ಕಬ್ಬಿಣಕ್ಕೆ ಭಾರ ಮತ್ತೆ ಮತ್ತೆ ಬಿದ್ದರೆ ಸವೆತ. ಮೂಳೆಗೆ ಬಿದ್ದರೆ ಬಲ. ವ್ಯತ್ಯಾಸ ಎಲ್ಲಿ ಅಂದರೆ, ಮೂಳೆಗೆ ಜೀವ ಇದೆ, ಎರಡು ಭಾರದ ನಡುವೆ ಅದಕ್ಕೆ ರಿಪೇರಿಯ ಹೊತ್ತು ಬೇಕು. ಹೊತ್ತು ಕೊಡದೆ ಇದ್ದರೆ ಮೂಳೆಯೂ ಕಬ್ಬಿಣದ ಹಾಗೇ ಸೀಳುತ್ತೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊಳಕಾಲು ಸರಿ ಆದಮೇಲೆ ಲೆಕ್ಕ ಬದಲಾಯಿಸಿದೆ. ವಾರಕ್ಕೆ ಮೂರು ಸಂಜೆ ಓಟ-ನಡಿಗೆ, ಎರಡು ಸಂಜೆ ಭಾರ, ಎರಡು ಸಂಜೆ ಬಿಡುವು. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗೋ ಚಟುವಟಿಕೆ, ಜೊತೆಗೆ ಎರಡು ದಿನ ಮಾಂಸಖಂಡಕ್ಕೆ ಕೆಲಸ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತೆ. ಮೂವತ್ತು ದಾಟಿದ ಮೇಲೆ ಸುಮ್ಮನೆ ಕೂತರೆ ಮಾಂಸಖಂಡ ವರ್ಷವರ್ಷಕ್ಕೂ ಕರಗ್ತಾ ಹೋಗುತ್ತೆ. ಊಟದ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗಿ ಸೇರೋ ಉಗ್ರಾಣ ಅದು. ಉಗ್ರಾಣ ಚಿಕ್ಕದಾದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತೆ. ಹಾಗಾಗಿ ಬರೀ ವಾಕಿಂಗ್ ಸಾಲದು, ಭಾರ ಎತ್ತಲೇಬೇಕು.

ಭಾರಕ್ಕೆ ಏನು ಮಾಡೋದು? ಡಂಬೆಲ್ ರೇಟು ಕೇಳಿ ವಾಪಸ್ ಬಂದೆ. ಮನೇಲಿ ಒಂದು ಹಳೇ ಶೇಂಗಾ ಗೋಣಿಚೀಲ ಇತ್ತು. ಪಕ್ಕದ ಸೈಟಿನಲ್ಲಿ ಮನೆ ಕಟ್ಟೋರ ಹತ್ರ ಮರಳು ಕೇಳಿ, ಅಪ್ಪನ ಕಾಲದ ಸೇರಿನಲ್ಲಿ ಅಳೆದು ಆರು ಸೇರು ತುಂಬಿದೆ. ನಮ್ಮ ಸೇರಿನಲ್ಲಿ ಒಂದು ಸೇರು ಮರಳು ಹತ್ತಿರಹತ್ತಿರ ಒಂದೂವರೆ ಕೆ.ಜಿ. ಬರುತ್ತೆ, ಅಂದರೆ ಒಂಬತ್ತು ಕೆ.ಜಿ. ಒಳಗೆ ಪ್ಲಾಸ್ಟಿಕ್ ಚೀಲ, ಹೊರಗೆ ಗೋಣಿ, ಬಾಯಿಗೆ ಹುರಿ. ನೆಲದಿಂದ ಎತ್ತೋದು, ಹೆಗಲಿಗೆ ಹಾಕೋದು, ಎರಡು ಕಂಬ ನಡೆಯೋದು, ಇಳಿಸೋದು. ನಡುವೆ ಹತ್ತು ಬಸ್ಕಿ, ಕಲ್ಲುಬೆಂಚಿಗೆ ಕೈಯೂರಿ ಹತ್ತು ದಂಡ. ಆರಾಮ ಅನ್ನಿಸಿದಾಗ ಒಂದು ಸೇರು ಸೇರಿಸೋದು. ಅಷ್ಟೇ ವ್ಯಾಯಾಮ.

ಚೀಲವನ್ನ ಮನೆಗೆ ತರ್ತಿರಲಿಲ್ಲ. ವರ್ಕ್‌ಶಾಪಿನ ಮೂಲೆಯಲ್ಲಿ ಇಡ್ತಿದ್ದೆ. ಕಾರಣ ನಮ್ಮಪ್ಪ. ಜೀವಮಾನ ಪೂರ್ತಿ ಚೀಲ ಹೊತ್ತೋನ ಮುಂದೆ, ಹೊರಬಾರದು ಅಂತ ಅವನು ಓದಿಸಿದ ಮಗ ಮಜಕ್ಕೆ ಚೀಲ ಹೊರೋದು ನನಗೆ ಹೇಸಿಗೆ ಅನ್ನಿಸ್ತಿತ್ತು. ಒಂಥರಾ ಅವನನ್ನ ಅಣಕಿಸಿದಂಗೆ.

ಒಂಬತ್ತು ತಿಂಗಳು ಹಂಗೇ ನಡೀತು. ಚೀಲ ಹದಿನಾಲ್ಕು ಸೇರಿಗೆ ಬಂದಿತ್ತು. ಒಂದು ಸಂಜೆ ಮನೆ ಬೀಗದ ಕೈ ನನ್ನ ಜೇಬಿನಲ್ಲೇ ಉಳಿದಿತ್ತು. ಅದನ್ನ ಕೇಳಿಕೊಂಡು ಅಪ್ಪ ಕೋಲೂರಿಕೊಂಡು ಮೈದಾನಕ್ಕೇ ಬಂದುಬಿಟ್ಟ. ನಾನು ನೋಡಿರಲಿಲ್ಲ. ಚೀಲ ಎತ್ತಿ, ಹೆಗಲಿಗೆ ಹಾಕಿ, ತಿರುಗಿದರೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಾನೆ.

ಚೀಲ ಇಳಿಸೋಕೂ ತೋಚಲಿಲ್ಲ, ಹೊತ್ತು ನಿಲ್ಲೋಕೂ ಆಗಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಚೀಲ ನೋಡಿದ, ನನ್ನನ್ನ ನೋಡಿದ. ಆಮೇಲೆ ಹೇಳಿದ: 'ಸೊಂಟದಿಂದ ಎತ್ತಬ್ಯಾಡಲೇ. ತೊಡೆಯಿಂದ ಎತ್ತು. ಚೀಲಾನ ಮೈಗೆ ಅವುಚಿಕೋ. ದೂರ ಇಟ್ಕೊಂಡು ಎತ್ತಿದ್ರೆ ಚೀಲ ನಿನ್ನ ಎತ್ತಿ ಒಗೀತೈತೆ.'

ಕೋಲು ನನ್ನ ಕೈಗೆ ಕೊಟ್ಟು, ಬಗ್ಗಿ, ಎತ್ತದೇ ಬರೀ ಹೇಗೆ ಹಿಡೀಬೇಕು ಅಂತ ತೋರಿಸಿದ. ಎಡಗಾಲು ಚೀಲದ ಪಕ್ಕ, ಬಲಗಾಲು ಹಿಂದೆ, ಕತ್ತು ಮೇಲೆ, ಒಂದು ಉಸಿರು ಒಳಗೆ. ನಾಲ್ಕನೇ ಕ್ಲಾಸು ದಾಟದ ಮನುಷ್ಯ. ರಾತ್ರಿ ಲೆಕ್ಕ ಹಾಕಿ ನೋಡಿದೆ, ನೀವೂ ಹಾಕಿ ನೋಡಿ. 20 ಕೆ.ಜಿ. ಚೀಲವನ್ನ ಬೆನ್ನುಮೂಳೆಯಿಂದ 50 ಸೆಂ.ಮೀ. ದೂರ ಹಿಡಿದರೆ ಸೊಂಟದ ಹತ್ರ ಸುಮಾರು 98 ನ್ಯೂಟನ್-ಮೀಟರ್ ಮೊಮೆಂಟ್. ಅದನ್ನ ತಡೆಯೋ ಬೆನ್ನಿನ ಮಾಂಸಖಂಡಕ್ಕೆ ಇರೋ ತೋಳು ಬರೀ 5 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಅದು ಎಳೀಬೇಕಾದ ಬಲ ಹೆಚ್ಚುಕಮ್ಮಿ 1,960 ನ್ಯೂಟನ್, ಅಂದರೆ 200 ಕೆ.ಜಿ. ತೂಕದಷ್ಟು. ಅದೇ ಚೀಲವನ್ನ 20 ಸೆಂ.ಮೀ.ಗೆ ಅವುಚಿಕೊಂಡರೆ 80 ಕೆ.ಜಿ. ತೂಕದಷ್ಟು. ನಮ್ಮ ಮೈಯ ತೂಕ ಇದರಲ್ಲಿ ಸೇರಿಸಿಲ್ಲ. ಅಪ್ಪ ಒಂದು ಸಾಲಿನಲ್ಲಿ ಹೇಳಿದ್ದು ಇಷ್ಟನ್ನೇ.

ಅವತ್ತು ವಾಪಸ್ ನಡೆಯುವಾಗ ಅಪ್ಪ ಇನ್ನೊಂದು ಮಾತು ಕೇಳಿದ. ಬೈಯ್ಯೋ ದನಿ ಅಲ್ಲ, ನಿಜವಾಗಿ ತಿಳ್ಕೊಬೇಕು ಅನ್ನೋ ದನಿ. 'ನಾನು ಹೊತ್ತೆ, ಅನ್ನ ಬಂತು. ನೀನು ಹೊತ್ರೆ ಏನ್ ಬರ್ತೈತೆ?'

ನನಗೆ ಉತ್ತರ ಬರಲಿಲ್ಲ. ರಕ್ತದ ರಿಪೋರ್ಟಿನ ಕಥೆ ಹೇಳಿದೆ, ಮಾವನ ಕಾಲಿನ ಕಥೆ ಹೇಳಿದೆ. ಹೂಂ ಅಂದ. ಆದರೆ ಆ ಪ್ರಶ್ನೆ ನನ್ನ ಜೊತೆ ಎಷ್ಟೋ ಸಂಜೆ ಮೈದಾನ ಸುತ್ತಿತು.

ಯಾಕಂದರೆ ಅದರೊಳಗೆ ಇನ್ನೊಂದು ಪ್ರಶ್ನೆ ಇತ್ತು. ಭಾರ ಹೊತ್ತರೆ ಮೈ ಗಟ್ಟಿಯಾಗುತ್ತೆ ಅನ್ನೋದಾದರೆ, ನಲವತ್ತು ವರ್ಷ ಎಂಬತ್ತು ಕೆ.ಜಿ. ಹೊತ್ತ ನಮ್ಮಪ್ಪ ಊರಿಗೇ ಗಟ್ಟಿಗನಾಗಿರಬೇಕಿತ್ತು. ಆದರೆ ಅವನ ಎರಡೂ ಮೊಳಕಾಲು ಸವೆದು ಹೋಗಿವೆ. ಐವತ್ತೈದಕ್ಕೇ ಸೊಂಟ ಹಿಡೀತು. ಈಗ ಎಪ್ಪತ್ತಾರು, ಕೋಲಿಲ್ಲದೆ ಬಚ್ಚಲಿಗೂ ಹೋಗಲ್ಲ. ಅವನ ಜೊತೆ ಹೊತ್ತೋರಲ್ಲಿ ಬಹಳ ಜನ ಇವತ್ತು ಇಲ್ಲ. ಹೊರೋದೇ ಔಷಧಿ ಆಗಿದ್ದರೆ ಅವರಿಗೆ ಯಾಕೆ ಆಗಲಿಲ್ಲ?

ಉತ್ತರ ವೋಲರ್ ಮತ್ತೆ ವುಲ್ಫರ ಹತ್ರವೇ ಇತ್ತು. ನನ್ನ ಚೀಲದ ತೂಕ ನಿರ್ಧರಿಸೋನು ನಾನು. ನೋವಾದರೆ ಇಳಿಸ್ತೀನಿ, ಮಾರನೇ ದಿನ ಬಿಡುವು ಕೊಡ್ತೀನಿ, ಮೈ ಒಪ್ಪಿದಾಗ ಒಂದು ಸೇರು ಸೇರಿಸ್ತೀನಿ. ನಮ್ಮಪ್ಪನ ಚೀಲದ ತೂಕ ನಿರ್ಧರಿಸ್ತಿದ್ದೋನು ನಮ್ಮಪ್ಪ ಅಲ್ಲ. ಚೀಲಕ್ಕಿಷ್ಟು ಅಂತ ಕೂಲಿ, ಲಾರಿ ಕಾಯ್ತಿರುತ್ತೆ, ಜ್ವರ ಬಂದರೂ ಹೊರಬೇಕು. ರಿಪೇರಿಗೆ ಹೊತ್ತು ಸಿಗದ ಮೂಳೆ ಕಬ್ಬಿಣದ ಅಚ್ಚಿನ ಹಾಗೆ ಸವೀತು. ಕೂಲಿ ಕೆಲಸದ ಶ್ರಮಕ್ಕೂ ಬಿಡುವಿನಲ್ಲಿ ಮಾಡೋ ವ್ಯಾಯಾಮಕ್ಕೂ ಮೈ ಮೇಲೆ ಆಗೋ ಪರಿಣಾಮ ಬೇರೆಬೇರೆ ಅಂತ ಈಗ ಸಂಶೋಧನೆ ಮಾಡೋರೂ ಹೇಳ್ತಾರೆ. ನನಗೆ ಅದನ್ನ ತಿಳಿಯೋಕೆ ನಮ್ಮಪ್ಪನ ಮೊಳಕಾಲು ಸಾಕಾಯ್ತು.

ಹಾಗಾಗಿ ಯಾರಾದರೂ 'ನಮ್ಮ ತಾತಂದಿರು ಜಿಮ್ಮಿಗೆ ಹೋಗ್ತಿದ್ರಾ, ಹೊಲದಲ್ಲಿ ದುಡಿದು ಕಲ್ಲಿನಂಗೆ ಇದ್ರು' ಅಂದರೆ ನಾನು ಸುಮ್ಮನಿರಲ್ಲ. ಕಲ್ಲಿನಂಗೆ ಇದ್ದೋರು ನೆನಪಲ್ಲಿ ಉಳಿದಿದ್ದಾರೆ, ಸವೆದು ಹೋದೋರು ಉಳಿದಿಲ್ಲ, ಅಷ್ಟೇ. ಸಂಜೆ ಒಂದು ಗಂಟೆ ನನ್ನಿಷ್ಟದ ಭಾರ ಎತ್ತೋಕೆ ನನಗೆ ಸಿಕ್ಕ ಬಿಡುವು ನಮ್ಮಪ್ಪ ತನ್ನಿಷ್ಟಕ್ಕೆ ವಿರುದ್ಧ ಹೊತ್ತಿದ್ದರಿಂದ ಬಂದಿದ್ದು. ಇದು ತಿಳಿದ ಮೇಲೆ ಚೀಲವನ್ನ ಮುಚ್ಚಿಡೋದು ಬಿಟ್ಟೆ.

ಎಲ್ಲ ಸಲೀಸಾಗಿ ಹೋಯ್ತು ಅಂದ್ಕೋಬೇಡಿ. ಪರೀಕ್ಷೆ ಡ್ಯೂಟಿ ಬಂದರೆ ಎರಡು ವಾರ ಹೋಯ್ತು. ನಾಯಕನಹಟ್ಟಿ ಜಾತ್ರೆ ಅಂತ ಒಂದು ವಾರ. ಕಳೆದ ವರ್ಷ ಅಪ್ಪನಿಗೆ ಹುಷಾರಿಲ್ಲದೆ ಆಸ್ಪತ್ರೆ ಓಡಾಟದಲ್ಲಿ ಮೂರು ತಿಂಗಳು ಮೈದಾನದ ಮುಖ ನೋಡಲಿಲ್ಲ. ವಾಪಸ್ ಬಂದಾಗ ಹದಿನೆಂಟು ಸೇರು ಹೆಗಲಿಗೆ ಏರಲಿಲ್ಲ. ನಾಲ್ಕು ಸೇರು ಮರಳು ಸುರಿದು ಹದಿನಾಲ್ಕಕ್ಕೆ ಇಳಿಸಿದೆ. ಮರಳು ಸುರಿಯುವಾಗ ನಿಜವಾಗಿ ಅಳು ಬಂದಂಗಾಯ್ತು. ಇಷ್ಟು ದಿನ ಮಾಡಿದ್ದು ವ್ಯರ್ಥ ಅಂತ. ಒಬ್ಬನೇ ಮಾಡೋದರಲ್ಲಿ ಇದೊಂದು ಕಷ್ಟ: ಬಿಟ್ಟರೆ ಯಾಕೆ ಬರಲಿಲ್ಲ ಅಂತ ಕೇಳೋರಿಲ್ಲ.

ಅದೇ ಹೊತ್ತಿಗೆ ಒಂದು ಭಾನುವಾರ ಮಾವನ ಮನೆಗೆ ಹೋದೋನು ಒಬ್ಬನೇ ಬ್ರಹ್ಮಗಿರಿ ಕಡೆ ಹೋದೆ. ಆ ಬಂಡೆ ಮೇಲಿನ ಅಕ್ಷರಗಳನ್ನ ಬಿ.ಎಲ್. ರೈಸ್ ಬೆಳಕಿಗೆ ತಂದಿದ್ದು 1892ರಲ್ಲಿ. ವುಲ್ಫ್ ಮೂಳೆಯ ಪುಸ್ತಕ ಬರೆದ ವರ್ಷವೇ. ಹಿಂದಿನ ಸಲ ಹುಡುಗರ ಜೊತೆ ಬಂದಾಗ ಫೋಟೋ ತೆಗೆದು ಹೊರಟಿದ್ದೆ, ಅದರಲ್ಲಿ ಏನು ಬರೆದಿದೆ ಅಂತ ಓದಿರಲಿಲ್ಲ. ಈ ಸಲ ಅನುವಾದ ಓದಿಕೊಂಡು ಹೋಗಿದ್ದೆ.

ಅದರಲ್ಲಿ ಚಕ್ರವರ್ತಿ ಹೇಳಿಕೊಳ್ಳೋದು ಏನು ಗೊತ್ತಾ? ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಒಂದು ವರ್ಷ ಸರಿಯಾಗಿ ಶ್ರಮ ಪಡಲೇ ಇಲ್ಲ ಅಂತ. ಆಮೇಲೆ ಸಂಘದ ಹತ್ರ ಹೋಗಿ ಒಂದು ವರ್ಷಕ್ಕೂ ಮೇಲಾಯ್ತು, ಆಗಿನಿಂದ ಚೆನ್ನಾಗಿ ಶ್ರಮ ಪಟ್ಟೆ ಅಂತ. ಇದು ದೊಡ್ಡೋರಿಗೆ ಮಾತ್ರ ದಕ್ಕೋದಲ್ಲ, ಶ್ರಮ ಪಟ್ಟರೆ ಸಣ್ಣವನಿಗೂ ದಕ್ಕುತ್ತೆ ಅಂತಲೂ ಅದರಲ್ಲಿದೆ. ಅವನು ಹೇಳ್ತಿದ್ದಿದ್ದು ಧರ್ಮದ ಶ್ರಮ, ನನ್ನ ಮರಳು ಚೀಲ ಅಲ್ಲ, ಅದು ನನಗೂ ಗೊತ್ತು. ಆದರೂ ಒಂದು ವರ್ಷ ಸೋಮಾರಿಯಾಗಿದ್ದೆ ಅಂತ ಒಬ್ಬ ಚಕ್ರವರ್ತಿ ಬಂಡೆ ಮೇಲೆ ಕೆತ್ತಿಸಿದ್ದಾನೆ. ಅಂಥಾದ್ದರಲ್ಲಿ ನಾನು ಮೂರು ತಿಂಗಳಿಗೆ, ನಾಲ್ಕು ಸೇರು ಮರಳಿಗೆ ಅಳ್ತಿದ್ದೆನಲ್ಲ ಅನ್ನಿಸಿತು. ಅವತ್ತು ಸಂಜೆ ಜಟಿಂಗ ರಾಮೇಶ್ವರ ಹತ್ತಿದೆ. ಎರಡು ಕಡೆ ಕೂತೆ, ಆದರೆ ಹತ್ತಿದೆ. ಜಾತ್ರೆಯಲ್ಲಿ ಬಳೆ ಮಾರೋರು ಕೂರೋದರಿಂದ ಬಳೆಗಾರರ ಗುಂಡು ಅಂತ ಕರೆಯೋ ಬಂಡೆ ಇದೆ, ಅದರ ಮೇಲೂ ಅದೇ ಶಾಸನ ಇದೆ. ಅಕ್ಷರ ಬಹಳ ಸವೆದಿವೆ. ಫೋಟೋ ನಾನೇ ತೆಗೆದೆ. ಆ ಹುಡುಗಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಅವಳಿಗೆ ಕಳಿಸಿದೆ. 'ಸಾರ್, ನೀವಾ?!' ಅಂತ ಬಂತು.

ಈಗಿನ ಲೆಕ್ಕ: ತೂಕ 75, ಸೊಂಟ 91, ಎಚ್‌ಬಿಎ1ಸಿ 5.6. ಚೀಲ ಇಪ್ಪತ್ತು ಸೇರು. ಮುದ್ದೆ ಬಿಟ್ಟಿಲ್ಲ, ಮೂರರಿಂದ ಒಂದಕ್ಕೆ ಇಳಿಸಿ ಸೊಪ್ಪು, ಕಾಳು ಜಾಸ್ತಿ ಮಾಡಿದ್ದೀನಿ. ಮೆಣಸಿನಕಾಯಿ ಬಜ್ಜಿ ತಿಂಗಳಿಗೆ ಒಂದು ಸಲ, ಅದನ್ನ ಬಿಡು ಅಂತ ಯಾರೂ ಹೇಳಬೇಡಿ.

ನೀವು ಇಪ್ಪತ್ತರ ಆಸುಪಾಸಿನೋರು. ನಾನು ಹೇಳೋದು ಜಾಸ್ತಿ ಇಲ್ಲ. ನಿಮ್ಮ ಮೂಳೆ ಇನ್ನೂ ಗಟ್ಟಿಯಾಗ್ತಾ ಇರೋ ವಯಸ್ಸು, ಮುಂದಿನ ಐವತ್ತು ವರ್ಷಕ್ಕೆ ಈಗಲೇ ಡಿಪಾಸಿಟ್ ಇಡಬೇಕು. ಲ್ಯಾಪ್‌ಟಾಪ್ ಮುಂದೆ ಕೂತು ಕೂತು ನಿಮ್ಮಲ್ಲಿ ಕೆಲವರ ಬೆನ್ನು ನಮ್ಮಪ್ಪನ ಬೆನ್ನಿಗಿಂತ ಜಾಸ್ತಿ ಬಾಗಿರೋದನ್ನ ಲ್ಯಾಬಿನಲ್ಲಿ ನೋಡ್ತಾ ಇದ್ದೀನಿ. ಮನೇಲಿ ನಲವತ್ತು, ಐವತ್ತು ದಾಟಿದ ಅಪ್ಪ ಅಮ್ಮ ಇರ್ತಾರೆ. ಅವರಿಗೆ ಹೇಳಿ: ಮೊದಲು ಡಾಕ್ಟರ ಹತ್ರ ಒಂದು ಸಲ ತೋರಿಸಲಿ, ನಡಿಗೆಯಿಂದ ಶುರು ಮಾಡಲಿ, ಮೈ ಕೇಳಿದ್ದಕ್ಕಿಂತ ಸ್ವಲ್ಪ ಕಮ್ಮಿಯೇ ಮಾಡಿ ಮನೆಗೆ ಬರಲಿ. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಲಿ. ಒಬ್ಬರೇ ಹೋಗೋರು ಎಲ್ಲಿಗೆ ಹೋಗ್ತೀನಿ ಅಂತ ಮನೇಲಿ ಹೇಳಿ ಹೋಗಲಿ, ಜೇಬಿನಲ್ಲಿ ಫೋನು, ಒಂದು ತುಂಡು ಬೆಲ್ಲ ಇರಲಿ. ಮಳೆಗಾಲದಲ್ಲಿ ಟಾರ್ಚ್ ಬೇಕೇ ಬೇಕು, ನಮ್ಮ ಕಡೆ ಹಾವು ಜಾಸ್ತಿ.

ಒಬ್ಬನೇ ಯಾಕೆ ಅಂತಲೂ ಕೇಳಿದ್ರಿ. ಲ್ಯಾಬಿನಲ್ಲಿ ದಿನಕ್ಕೆ ಅರವತ್ತು ಜನ 'ಸಾರ್' ಅಂತಾರೆ, ಮನೇಲಿ 'ರೀ', 'ಅಪ್ಪಾ', 'ಲೇ'. ಆ ಒಂದು ಗಂಟೆ ಗಾಳಿ ಬಿಟ್ಟರೆ ನನ್ನನ್ನ ಯಾರೂ ಏನೂ ಕರೆಯಲ್ಲ. ಅಷ್ಟು ಸಾಕು. ಆದರೆ ಯಾರಾದರೂ ಬಂದು ಜೊತೆಗೆ ನಡೀತೀನಿ ಅಂದರೆ ಬೇಡ ಅನ್ನಲ್ಲ. ಮಗ್ಗಿ ಮಾತ್ರ ಹೇಳಬೇಕಾಗುತ್ತೆ.

ಅಪ್ಪನ ಪ್ರಶ್ನೆಗೆ ಇನ್ನೂ ಬಾಯಿಬಿಟ್ಟು ಉತ್ತರ ಕೊಟ್ಟಿಲ್ಲ. ಅವನೂ ಮತ್ತೆ ಕೇಳಿಲ್ಲ. ಆದರೆ ಸಂಜೆ ಏಳೂವರೆಗೆ ನಾನು ಬೆವರಿನಲ್ಲಿ ನೆಂದು ಗೇಟು ತೆಗೆದರೆ ಅಪ್ಪ ಜಗಲಿ ಮೇಲೆ ಕೂತಿರ್ತಾನೆ. ಒಂದು ಕಾಲದಲ್ಲಿ ನಾನು ಮಿಲ್ಲಿನ ಗೇಟಿನಲ್ಲಿ ಕೂತಿರ್ತಿದ್ದಂಗೆ. ತಲೆ ಎತ್ತಿ ನೋಡಿ ಕೇಳ್ತಾನೆ:

'ಇವತ್ತು ಎಷ್ಟು ಸೇರಲೇ?'